ಶನಿವಾರದ ಪಂದ್ಯ, ಭಾನುವಾರದ ತಿಥಿ

ವೆಸ್ಟ್‌ಮಂಟಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಕ್ಯಾಲೆಂಡರುಗಳಿವೆ. ಒಂದು, ನನ್ನ ಭಾವಮೈದುನ ಪ್ರತಿವರ್ಷ ಬೆಂಗಳೂರಿನಿಂದ ಸುರುಳಿ ಸುತ್ತಿ ಕಳಿಸುವ, ತಿಥಿ ನಕ್ಷತ್ರ ರಾಹುಕಾಲಗಳನ್ನೆಲ್ಲ ಇರುವೆ ಸಾಲಿನಂಥ ಅಕ್ಷರಗಳಲ್ಲಿ ತುಂಬಿಕೊಂಡ ಗೋಡೆ ಕ್ಯಾಲೆಂಡರು. ಇನ್ನೊಂದು, ನಾನೇ ಆಫೀಸಿನಲ್ಲಿ ಪ್ರಿಂಟ್ ತೆಗೆದು ಅಂಟಿಸಿದ, ಅರ್ಧಕ್ಕರ್ಧ ಖಾಲಿ ಚೌಕಗಳಿರುವ ಹಾಳೆ. ಮೊದಲನೆಯದರಲ್ಲಿ ಏಕಾದಶಿಯೋ ಸಂಕಷ್ಟಿಯೋ ಏನೂ ಇಲ್ಲದಿದ್ದರೆ ಕರಿದಿನವೋ, ಅಂತೂ ಒಂದು ಚೌಕವೂ ಬರಿದಾಗಿಲ್ಲ. ಎರಡನೆಯದರ ಚೌಕಗಳನ್ನು ತುಂಬುವುದೇ ನನ್ನ ಉದ್ಯೋಗ. ಮಿತ್ರರೇ, ಇಂಥ ಉದ್ಯೋಗ ಶತ್ರುವಿಗೂ ಬೇಡ.

ಷಿಕಾಗೋ ಪಕ್ಕದ ಒಂದು ಸಣ್ಣ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ನಾನಿದ್ದೇನೆ. ಅಲ್ಲಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಎದುರಾಳಿಗಳನ್ನು ಹುಡುಕಿಕೊಡುವವನು ನಾನು. ಇದೂ ಒಂದು ಕೆಲಸವೇ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ನನ್ನ ಹೆಂಡತಿ ವೀಣಾ ಹನ್ನೊಂದು ವರ್ಷದಿಂದ ಏರಿಸಿದ ಹುಬ್ಬನ್ನು ಇನ್ನೂ ಇಳಿಸಿಲ್ಲ. ಕಾಲೇಜುಗಳೆಲ್ಲ ಸೇರಿ ಕಾನ್ಫರೆನ್ಸ್ ಎಂಬ ಒಕ್ಕೂಟ ಕಟ್ಟಿಕೊಂಡಿರುತ್ತವೆ. ಜನವರಿಯಿಂದಾಚೆಗಿನ ಪಂದ್ಯಗಳನ್ನು ಆ ಒಕ್ಕೂಟದ ಹಿರಿಯರೇ ಕೂತು ಗೊತ್ತುಮಾಡುತ್ತಾರೆ. ಅದಕ್ಕೆ ಮುಂಚಿನ ನವೆಂಬರ್ ಡಿಸೆಂಬರಿನಲ್ಲಿ ಒಕ್ಕೂಟದ ಹೊರಗಿನವರೊಡನೆ ಆಡಬೇಕು, ಆ ಹೊರಗಿನವರನ್ನು ಅವರವರೇ ಹುಡುಕಿಕೊಳ್ಳಬೇಕು. ಹಾಗಾಗಿ ವರ್ಷವಿಡೀ ನಾನು ಜಾತಕ ಕಂಕುಳಲ್ಲಿ ಇಟ್ಟುಕೊಂಡ ಹೆಣ್ಣಿನ ತಂದೆಯಂತೆ ಊರೂರಿಗೆ ಈಮೇಲ್ ಬರೆಯುತ್ತಿರುತ್ತೇನೆ.

ಎಲ್ಲರೂ ಹೇಳುವ ಮಾತು ಒಂದೇ: ನೀವು ಬನ್ನಿ. ನಮ್ಮಲ್ಲಿಗೆ ಬನ್ನಿ ಎಂದರೆ ಮಾತ್ರ ಎಲ್ಲರಿಗೂ ಅಂದೇ ಏನೋ ಕೆಲಸ. ನಮಗಿಂತ ಬಲಶಾಲಿಗಳು ಬರುವುದಿಲ್ಲ, ಗೆದ್ದರೆ ಹೆಸರಿಲ್ಲ, ಸೋತರೆ ಮಾನ ಹೋಗುತ್ತದೆ. ದುರ್ಬಲರು ಕರೆದರೆ ಓಡಿ ಬರುತ್ತಾರೆ, ಆದರೆ ಅವರನ್ನು ಗೆದ್ದರೆ ರ‍್ಯಾಂಕಿಂಗಿನ ಲೆಕ್ಕದಲ್ಲಿ ನಮಗೇ ಪೆಟ್ಟು. ಹಾಗಾದರೆ ಬೇಕಾದವರು ಯಾರು? ನಿಜದಲ್ಲಿ ನಮಗಿಂತ ಒಂದು ಕೂದಲೆಳೆ ಕಡಿಮೆ ಇದ್ದು, ನೋಡುವವರ ಕಣ್ಣಿಗೆ ಒಂದು ಕೂದಲೆಳೆ ಹೆಚ್ಚು ಕಾಣುವವರು. ಅಂಥವರೊಬ್ಬರು ಅಪರೂಪಕ್ಕೆ ಒಪ್ಪಿದರೆನ್ನಿ, ಆ ಶನಿವಾರ ನಮ್ಮ ಒಳಾಂಗಣವನ್ನು ಯಾವುದೋ ಹೈಸ್ಕೂಲಿನ ರೋಬೋಟ್ ಸ್ಪರ್ಧೆಗೆ ಬಿಟ್ಟುಕೊಟ್ಟಿರುತ್ತಾರೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಇವೆಲ್ಲದರ ನಡುವೆ ಪರೀಕ್ಷೆಯ ವಾರ, ಥ್ಯಾಂಕ್ಸ್‌ಗಿವಿಂಗ್ ರಜೆ, ಹಿಮ. ‘ಕೋಚನ್ನು ಕೇಳಿ ಹೇಳುತ್ತೇನೆ’ ಎಂದು ಹೋದವರು ಮೂರು ತಿಂಗಳಾದರೂ ಕೇಳಿಯೂ ಇರುವುದಿಲ್ಲ, ಹೇಳಿಯೂ ಇರುವುದಿಲ್ಲ.

ಇಷ್ಟು ಸಾಲದೆಂಬಂತೆ ನಮ್ಮ ಕಾಲೇಜಿನಲ್ಲಿ ಇನ್ನೊಂದು ಪದ್ಧತಿಯಿದೆ. ಆಟಗಾರ್ತಿಯ ಕಡೆಯ ವರ್ಷದಲ್ಲಿ ಅವಳ ಹುಟ್ಟೂರಿನ ಹತ್ತಿರ ಒಂದು ಪಂದ್ಯ ಇಡಿಸಿ, ಮನೆಯವರೆಲ್ಲ ಬಂದು ನೋಡುವಂತೆ ಮಾಡುವುದು. ಹುಡುಗಿಯನ್ನು ಕಾಲೇಜಿಗೆ ಸೇರಿಸಿಕೊಳ್ಳುವಾಗ ಅವಳ ಮನೆಯ ಸೋಫಾದಲ್ಲಿ ಕೂತು ಕೋಚ್ ಈ ಮಾತು ಕೊಟ್ಟುಬಿಡುತ್ತಾರೆ. ಕೊಡುವವರು ಕೋಚ್, ಉಳಿಸಬೇಕಾದವನು ನಾನು.

ಈ ಸಲ ಆ ಹುಡುಗಿ ನಿಧಿ. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ನಮ್ಮ ಕನ್ನಡದವರ ಮಗಳು. ತಾರೆಯೇನಲ್ಲ, ಹೆಚ್ಚಿನ ಹೊತ್ತು ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿರುವವಳು; ಆದರೂ ನಾಲ್ಕು ವರ್ಷ ಒಂದು ಅಭ್ಯಾಸವನ್ನೂ ತಪ್ಪಿಸಿದವಳಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಕೋಚ್ ಅವರ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ಕೇಸರಿಭಾತ್ ತಿಂದು ಮಾತು ಕೊಟ್ಟು ಬಂದಿದ್ದರು. ಆ ಕೇಸರಿಭಾತ್ ಮಾಡಿದ ಅಜ್ಜಿ ಕಮಲಮ್ಮನವರು ಮಾತನ್ನು ಮರೆತಿರಲಿಲ್ಲ. ಪಂದ್ಯ ಇಡಿಸುವವನು ಮೈಸೂರಿನವನೆಂದು ಗೊತ್ತಾದದ್ದೇ ತಡ, ಕಳೆದ ವಸಂತದಲ್ಲಿ ನನಗೆ ನೇರ ಫೋನೇ ಬಂತು.

“ಏನಪ್ಪ, ಮ್ಯಾಚ್ ಇಡೋದು ನೀನೇ ಅಂತೆ? ನಾನೊಂದು ಸಲಾನೂ ಎದುರಿಗೆ ಕೂತು ನೋಡಿಲ್ಲ ಕಣಪ್ಪ. ಷಿಕಾಗೋಗೆ ಐದು ಗಂಟೆ ಕಾರಲ್ಲಿ ಕೂರೋಕೆ ಈ ಮಂಡಿ ಬಿಡಲ್ಲ. ಯಾವತ್ತಾದ್ರೂ ಇಡು. ಯಜಮಾನ್ರ ತಿಥಿ ದಿವಸ ಮಾತ್ರ ಬೇಡ, ಮಾರ್ಗಶಿರ ಶುದ್ಧ ದಶಮಿ.”

ಮಾರ್ಗಶಿರವೆಂದರೆ ಡಿಸೆಂಬರಿನ ಆಸುಪಾಸು, ನನ್ನ ಹಾಳೆಯ ನಟ್ಟನಡುವೆ. ಫ್ರಿಜ್ಜಿನ ಬಾಗಿಲನ್ನು ನೋಡಿದೆ: ದಶಮಿ ಭಾನುವಾರ. ಅವರ ಮನೆಯಿಂದ ಹದಿನೈದು ನಿಮಿಷದ ಕಾಲೇಜೊಂದಕ್ಕೆ ಗಂಟುಬಿದ್ದೆ. ಅಲ್ಲಿ ನನ್ನಂತೆಯೇ ಈ ಕೆಲಸ ಮಾಡುವ ಡೆನೀಸ್ ಎಂಬಾಕೆ ಇದ್ದಾಳೆ, ‘ಇಲ್ಲ’ ಎನ್ನುವುದಕ್ಕೆ ಇಪ್ಪತ್ತು ಬಗೆ ಬಲ್ಲವಳು. ಎರಡು ತಿಂಗಳು ಕಾಡಿ ಬೇಡಿ, ತಿಥಿಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಎರಡಕ್ಕೆ ಪಂದ್ಯ ಗಿಟ್ಟಿಸಿದೆ. ಅದಕ್ಕಿಂತ ದೊಡ್ಡ ಪವಾಡವೆಂದರೆ, ಮುಂದಿನ ವರ್ಷ ತನ್ನ ತಂಡ ನಮ್ಮಲ್ಲಿಗೆ ಬಂದು ಆಡುತ್ತದೆಂದೂ ಆಕೆ ಬರೆದುಕೊಟ್ಟಳು. ಒಳ್ಳೆಯ ತಂಡವೊಂದು ತಾನಾಗಿ ನಮ್ಮ ಹೊಸ್ತಿಲು ತುಳಿದು ಆರು ವರ್ಷವಾಗಿತ್ತು. ಆ ವಾರ ನಾನು ಆಫೀಸಿನಲ್ಲಿ ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡಿದೆನೆಂದು ಒಪ್ಪಿಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಕಮಲಮ್ಮನವರ ಫೋನು ಮತ್ತೆ ಬಂತು, ಈ ಸಲ ದನಿ ತಗ್ಗಿತ್ತು. “ಶನಿವಾರವೇ ಇಟ್ಟುಬಿಟ್ಟಿದ್ದೀಯಲ್ಲಪ್ಪ. ಇಲ್ಲಿ ದಶಮಿ ಶನಿವಾರವೇ ಅಲ್ವೆ.”

ಹೌದಲ್ಲ! ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಹುಟ್ಟಿ ಭಾನುವಾರ ಅಪರಾಹ್ನಕ್ಕೆ ಇರುವ ದಶಮಿ, ಗಡಿಯಾರ ಹತ್ತೂವರೆ ಗಂಟೆ ಹಿಂದಿರುವ ಮಿಶಿಗನ್ನಿನಲ್ಲಿ ಶನಿವಾರ ಅಪರಾಹ್ನಕ್ಕೇ ಬಂದಿರುತ್ತದೆ. ಗೊತ್ತಿಲ್ಲದ ಸಂಗತಿಯೇ ಇದು? ವೀಣಾ ಸುಮ್ಮನಿರಲಿಲ್ಲ. “ನಿಮ್ಮಪ್ಪನ ತಿಥಿಗೆ ಪ್ರತಿವರ್ಷ ದೇವಸ್ಥಾನದ ವೆಬ್‌ಸೈಟ್ ಚೆಕ್ ಮಾಡ್ತೀರಿ. ಬೇರೆಯವರ ಮನೇದು ಅಂದ್ರೆ ಫ್ರಿಜ್ ಸಾಕಾಯ್ತಾ?” ಅವಳ ಮೇಲೇ ರೇಗಿದೆ. ಊರಿಗೆಲ್ಲ ದಿನ ಹೊಂದಿಸಿಕೊಡುವ ಮಹಾನುಭಾವ, ನಮ್ಮವರದೇ ಒಂದು ದಿನವನ್ನು ಎಡವಿದ್ದೆ.

ಮಾರನೆಯ ದಿನ ಅಭ್ಯಾಸಕ್ಕೆ ಬಂದ ನಿಧಿಗೆ ವಿಷಯ ಹೇಳಿದೆ. ಅವಳು ಶೂ ಲೇಸಿನಿಂದ ಕಣ್ಣೆತ್ತಲಿಲ್ಲ. “ಇಟ್ಸ್ ಫೈನ್, ಅಂಕಲ್. ರಿಯಲಿ.” ಆ ಲೇಸನ್ನು ಅವಳು ಮೂರು ಸಲ ಬಿಚ್ಚಿ ಕಟ್ಟಿದಳು. ಅವಳೊಂದು ಮಾತು ಬೈದಿದ್ದರೂ ಹಗುರಾಗುತ್ತಿತ್ತು.

ಡೆನೀಸಳಿಗೆ ಫೋನ್ ಮಾಡಿದೆ. ದಿನ ಬದಲಾಗದೆಂದಳು, ಸರಿಯೇ. ಹಾಗಾದರೆ ಹೊತ್ತು? ಎರಡಕ್ಕೆ ಹುಡುಗಿಯರು, ನಾಲ್ಕೂವರೆಗೆ ಹುಡುಗರು ಎಂದಿರುವುದನ್ನು ಅದಲು ಬದಲು ಮಾಡಲಾದೀತೆ ಎಂದೆ. ಯಾಕೆ ಎಂದಳು. ಶ್ರಾದ್ಧವನ್ನು ಇಂಗ್ಲಿಷಿನಲ್ಲಿ ವಿವರಿಸುವ ಪ್ರಸಂಗ ನಿಮಗೆಂದೂ ಬಾರದಿರಲಿ. ಸತ್ತ ದಿನ, ಆದರೆ ತಾರೀಕಲ್ಲ, ಚಂದ್ರನ ಲೆಕ್ಕ. ಚಂದ್ರನೂ ಊರಿಗೊಂದು ಲೆಕ್ಕ ಹೇಳುತ್ತಾನೆ. ಮಧ್ಯಾಹ್ನದ ಮೇಲೆ ಮಗ ಪಿಂಡವಿಡಬೇಕು, ಬಂದವರ ಊಟವಾಗದೆ ಮನೆಯವರು ಏಳುವಂತಿಲ್ಲ. ಅಜ್ಜಿಯ ಮಂಡಿಯ ವಿಷಯವನ್ನೂ ಹೇಳಿದೆ. ಆಕೆ ಕೇಳಿದಳು: “ಆ ಅಜ್ಜಿ ಇದುವರೆಗೆ ಒಂದೂ ಆಟ ಎದುರಿಗೆ ಕೂತು ನೋಡಿಲ್ಲವೆ?” ಇಲ್ಲವೆಂದೆ. ಎರಡು ದಿನ ಬಿಟ್ಟು ಆಕೆಯೇ ಫೋನ್ ಮಾಡಿದಳು. ಹುಡುಗರ ಕೋಚ್ ಕೂಗಾಡಿ ಕೊನೆಗೆ ಒಪ್ಪಿದ್ದನಂತೆ. “ಆದರೆ ರವಿ, ಮುಂದಿನ ವರ್ಷ ನಾವು ನಿಮ್ಮಲ್ಲಿಗೆ ಬರುವ ಮಾತು ಬಿಟ್ಟುಬಿಡಬೇಕು. ಇಲ್ಲಿ ಇದನ್ನು ಒಪ್ಪಿಸೋಕೆ ನಾನೂ ಏನಾದರೂ ತೋರಿಸಬೇಕಲ್ಲ.”

ಆರು ವರ್ಷಕ್ಕೊಮ್ಮೆ ಬಂದ ಭಾಗ್ಯ. ನಾನು ‘ಕೋಚನ್ನು ಕೇಳಿ ಹೇಳುತ್ತೇನೆ’ ಎನ್ನಬಹುದಿತ್ತು. ಆ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿ ಶಪಿಸಿಲ್ಲ! ಅಲ್ಲೇ ಆಗಲಿ ಎಂದುಬಿಟ್ಟೆ. ಕೋಚಿಗೆ ಆಮೇಲೆ ಹೇಳಿದಾಗ ಆಕೆ ಒಂದು ನಿಮಿಷ ನನ್ನನ್ನು ದುರುಗುಟ್ಟಿ ನೋಡಿ, ಬಾಗಿಲು ಎಳೆದುಕೊಂಡು ಹೋದರು. ಕಮಲಮ್ಮನವರು ಮಾತ್ರ ಹೊಸ ಹೊತ್ತು ಕೇಳಿ ಲೆಕ್ಕ ಹಾಕಿದರು. “ನಾಲ್ಕೂವರೆ ಅಂದ್ರೆ ಆಯ್ತಪ್ಪ. ತಿಥಿ ದಿವಸ ಹೊರಗೆ ಹೋಗೋದಾ ಅಂತ ಯಾರಾದ್ರೂ ಅನ್ನಲಿ. ಅವರಿದ್ದಿದ್ರೆ ನನಗಿಂತ ಮೊದಲು ಹೋಗಿ ಕೂತಿರೋರು. ರಾತ್ರಿ ಹೇಗೂ ಫಲಾಹಾರ, ಅಡುಗೆ ಕೆಲಸಾನೂ ಇರಲ್ಲ.”

ಬಂದರು. ಸೀರೆಯ ಮೇಲೆ ಮೊಣಕಾಲುದ್ದದ ಕೋಟು, ಮಗನ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಮೊದಲ ಸಾಲಿನಲ್ಲಿ ಕೂತರು. ಆಟವೇನು ಕೇಳುತ್ತೀರಿ, ಮೊದಲರ್ಧದಲ್ಲೇ ನಮ್ಮ ಗತಿ ಕೆಟ್ಟಿತ್ತು. ಮೂರನೆಯ ಕ್ವಾರ್ಟರ್ ಮುಗಿದರೂ ನಿಧಿ ಬೆಂಚಿನಲ್ಲೇ ಇದ್ದಳು. ಇಷ್ಟೆಲ್ಲ ಹೊಂದಿಸಿದ ನನಗೆ, ಅವಳನ್ನು ಅಂಗಳಕ್ಕೆ ಇಳಿಸುವ ಅಧಿಕಾರವೊಂದು ಇರಲಿಲ್ಲ. ಕೊನೆಗೆ ಹದಿನೆಂಟು ಅಂಕ ಹಿಂದಿದ್ದಾಗ ಕೋಚ್ ಅವಳ ಹೆಸರು ಕರೆದರು.

ಆಡಿದ್ದು ನಾಲ್ಕು ನಿಮಿಷ. ಓಡಿದಳು, ಬಿದ್ದಳು, ಎದ್ದಳು, ಬುಟ್ಟಿಗೆ ಒಂದು ಚೆಂಡೆಸೆದು ತಪ್ಪಿದಳು. ಒಮ್ಮೆ ಗೆರೆಯಾಚೆಯಿಂದ ಚೆಂಡು ಎಸೆಯಲು ಬಂದವಳು ಅಜ್ಜಿಯ ಮುಂದೆಯೇ, ಮೂರಡಿ ದೂರದಲ್ಲಿ ಬೆನ್ನು ಹಾಕಿ ನಿಂತಳು. ಅಜ್ಜಿ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ, ಆ ಬೆನ್ನನ್ನೇ ನೋಡುತ್ತಿದ್ದರು.

ಮುಗಿದ ಮೇಲೆ ನಿಧಿ ಏದುಸಿರು ಬಿಡುತ್ತ ನೇರ ಅವರ ಹತ್ತಿರ ಬಂದಳು. ನಾನು ಪಕ್ಕದಲ್ಲೇ ಇದ್ದೆ. ಕಮಲಮ್ಮನವರು ನನ್ನತ್ತ ತಿರುಗಿ, “ನಾಲ್ಕು ವರ್ಷ ಐಪ್ಯಾಡಲ್ಲಿ ನೋಡಿದ್ದೀನಪ್ಪ,” ಎಂದರು. “ಇವಳಿಗೆ ಹೀಗೆ ಉಸಿರು ಬರುತ್ತೆ ಅಂತ ಅದ್ರಲ್ಲಿ ಕೇಳಿಸ್ತಾನೇ ಇರ್ಲಿಲ್ಲ.” ಆಮೇಲೆ ಸೆರಗೆಳೆದುಕೊಂಡು, ತಂಡದ ಹುಡುಗಿಯರೆಲ್ಲ ನೋಡುತ್ತಿದ್ದಂತೆ, ಮೊಮ್ಮಗಳ ಬೆವರೊರೆಸಲು ಕೈಯೆತ್ತಿದರು. ಅದು ಅವಳ ಗಲ್ಲದವರೆಗಷ್ಟೇ ಎಟುಕಿತು.

“ಅಜ್ಜಿ, ಸ್ಟಾಪ್. ಎವ್ರಿಒನ್ಸ್ ವಾಚಿಂಗ್,” ಎಂದಳು ನಿಧಿ, ಎನ್ನುತ್ತಲೇ, ಆ ಕೈ ಹಣೆಗೆ ಸಿಗುವಷ್ಟು ಬಗ್ಗಿ ನಿಂತಳು.