ಬೂಟು ಬಿಚ್ಚಿಸಿದ ಪಿ.ಟಿ. ಸರ್

ನಮ್ಮ ಪಿ.ಟಿ. ಸರ್ ಅವರ ಎಡಗಿವಿ ಒಣಗಿದ ಹುಣಸೆಹಣ್ಣಿನ ಹಾಗೆ ಮುದುಡಿಕೊಂಡಿತ್ತು. ಹರೆಯದಲ್ಲಿ ಗರಡಿಯಲ್ಲಿ ಕುಸ್ತಿ ಹಿಡಿಯುವಾಗ ಜಜ್ಜಿಹೋದ ಕಿವಿ ಅದು. ಅದರಿಂದ ಏನೂ ಕೇಳಿಸುತ್ತಿರಲಿಲ್ಲ. ಬಲಗಿವಿ ಎರಡರ ಕೆಲಸ ಮಾಡುತ್ತಿತ್ತು. ನಾವು ಮೈದಾನ ಸುತ್ತುವಾಗ ಅವರು ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಹಾಕಿ ಕುಳಿತು, ಬಲಗಿವಿಯನ್ನು ಇತ್ತ ಹೊರಳಿಸಿ ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಹತ್ತಿತು ಅಂದುಕೊಂಡು ಯಾರಾದರೂ ನಡೆಯಲು ಶುರುಮಾಡಿದರೆ ತಿರುಗದೆಯೇ ಹೆಸರು ಹಿಡಿದು ಕೂಗುತ್ತಿದ್ದರು. ಅವರು ಓಟವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

"ನೆಲಕ್ಕ ಯಾಕ ಹೊಡೀತಿ ತಂಗಿ? ಅದು ನಿನಗೇನು ಮಾಡ್ಯಾದ?" ಇದು ಅವರ ಖಾಯಂ ಮಾತು. ಹಿಮ್ಮಡಿ ಊರಿ ಧಡ್ ಧಡ್ ಎಂದು ಓಡುವುದನ್ನು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಹೆಜ್ಜೆ ಗಿಡ್ಡ ಇರಬೇಕು, ಪಾದ ಮುಂದಕ್ಕೆ ಚಾಚದೆ ಮೈಯ ಕೆಳಗೇ ಬೀಳಬೇಕು, ಸಪ್ಪಳ ಬರಬಾರದು. ಬೆಕ್ಕು ಓಡಿದ್ದನ್ನು ಎಂದಾದರೂ ಕೇಳಿದ್ದೀಯಾ ಎಂದು ಗದರುತ್ತಿದ್ದರು.

ಕಲಬುರಗಿಯ ಶಹಾಬಜಾರದಲ್ಲಿ ಅವರದು ತೊಗರಿಬೇಳೆ ವ್ಯಾಪಾರದ ಮನೆತನ. ಅಣ್ಣತಮ್ಮಂದಿರು ಅಂಗಡಿಯಲ್ಲಿ ಕುಳಿತರೆ ಇವರು ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಬೆಳಗಿನ ಬಸ್ಸು ಹಿಡಿದು ಕಮಲಾಪುರದ ಕಡೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಓಟ ಮುಗಿದ ಮೇಲೆ ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದು ಅರ್ಧರ್ಧ ಮುರಿದು ಕೊಡುವಾಗಲೂ ಬೈಯುತ್ತಲೇ ಕೊಡುತ್ತಿದ್ದರು.

ನಮ್ಮೂರು ಮಹಾಗಾಂವದಿಂದ ಇನ್ನಷ್ಟು ಒಳಗೆ. ಅಪ್ಪ ಗೌಂಡಿ, ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಬಂಗಲೆಗಳಿಗೆ ಗೋಡೆ ಕಟ್ಟಲು ಹೋಗುತ್ತಿದ್ದ. ನಮ್ಮದು ಬೌದ್ಧರ ಮನೆ. ಎರಡು ವಿಷಯದಲ್ಲಿ ಅಪ್ಪ ಯಾರ ಮಾತೂ ಕೇಳುತ್ತಿರಲಿಲ್ಲ. ಮಕ್ಕಳು ಶಾಲೆ ತಪ್ಪಿಸಬಾರದು, ಬರಿಗಾಲಲ್ಲಿ ಹೊಸ್ತಿಲು ದಾಟಬಾರದು. ಅಜ್ಜಿಯ ಕಾಲದಲ್ಲಿ ನಮ್ಮ ಮಂದಿ ಮೇಲ್ಜಾತಿಯ ದೊಡ್ಡವರ ಓಣಿ ಬಂತೆಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೇ ದಾಟಬೇಕಿತ್ತು. ಕೆಂಡದಂಥ ಬಿಸಿಲಿದ್ದರೂ ಅಷ್ಟೇ. ಅಜ್ಜಿಯ ಸೆರಗು ಹಿಡಿದು ಹಾಗೆ ನಡೆದ ಹುಡುಗ ನಮ್ಮಪ್ಪ. ನಾನು ಎಂಟನೇ ಕ್ಲಾಸಿನಲ್ಲಿ ಓಟಕ್ಕೆ ಸೇರಿದೆ ಅಂದ ವಾರದಲ್ಲೇ ಕಲಬುರಗಿಯಿಂದ ಹೊಸ ಬೂಟು ತಂದಿಟ್ಟ. ಹಿಮ್ಮಡಿಯ ಕೆಳಗೆ ಮೂರು ಬೆರಳು ದಪ್ಪದ ಅಟ್ಟೆ ಇದ್ದ ಬೂಟು. ಅಷ್ಟು ದಪ್ಪ ಇದ್ದದ್ದೇ ಅವನಿಗೆ ಹೆಮ್ಮೆ.

ಆ ಬೂಟು ಹಾಕಿ ಓಡಿದ ಮೊದಲ ದಿನವೇ ಬೇವಿನ ಗಿಡದಿಂದ ಕೂಗು ಬಂತು. "ಇದ್ಯಾರದು, ಕಲ್ಲು ಒಡ್ಯಾಕತ್ತಿದ್ದು? ಆ ಬೂಟ್ ಬಿಚ್ಚು. ಬರಿಗಾಲಿಲೆ ಓಡು."

ಬಿಚ್ಚಿದೆ. ಸುಳ್ಳೇಕೆ ಹೇಳಲಿ, ಓಟ ಹಗುರಾಗಿತ್ತು. ಆ ಬೂಟಿನಲ್ಲಿ ಎರಡನೇ ಸುತ್ತಿಗೇ ಹಿಂಡತೊಡಗಿದ್ದ ಮೊಣಕಾಲ ಕೆಳಗಿನ ಎಲುಬಿನ ನೋವು ನಿಂತುಹೋಯಿತು. ಆದರೆ ರೂಢಿಯಿಲ್ಲದ ಪಾದ, ಹರಳು ತುಂಬಿದ ಗೊರಚು ನೆಲ. ಅಂಗಾಲಿಗೆ ಬೊಬ್ಬೆ ಬಂದು ಬೂಟು ಮತ್ತೆ ಏರಲೇ ಇಲ್ಲ. ಬೂಟಿನ ಲೇಸು ಬೆರಳಿಗೆ ಸುತ್ತಿಕೊಂಡು, ಬಸ್ಸಿಳಿದು, ಹತ್ತಿರದ ದಾರಿಯೆಂದು ದೊಡ್ಡವರ ಓಣಿಯಲ್ಲೇ ಕುಂಟುತ್ತ ಬಂದೆ. ಓಣಿಯ ಕೊನೆಗೆ ಅಪ್ಪ ಎದುರಾದ. ನನ್ನ ಮುಖ ನೋಡಲಿಲ್ಲ, ಕೈ ನೋಡಿದ.

"ಬೂಟ್ ಯಾಕ ಕೈಯಾಗ ಅದಾವ?"

"ಸರ್ ಬಿಚ್ಚಂದ್ರು."

"ನಮ್ಮವ್ವ ಹಿಡ್ಕೊಂಡಂಗೇ ಹಿಡ್ಕೊಂಡು ಬಂದಿ ನೋಡು," ಅಂದ ಅಪ್ಪ. ಆಮೇಲೆ ಊಟಕ್ಕೂ ಏಳಲಿಲ್ಲ.

ಮರುದಿನ ಕೆಲಸ ಬಿಟ್ಟು ನನ್ನ ಜೊತೆ ಶಾಲೆಗೆ ಬಂದ. ಮೈದಾನದ ನಡುವೆ, ಎಲ್ಲ ಹುಡುಗಿಯರ ಮುಂದೆ ಕೇಳಿದ. "ನನ್ನ ಮಗಳ ಬೂಟ್ ಯಾಕ ಬಿಚ್ಚಿಸಿದ್ರಿ ಸರ್?"

ಸರ್‌ಗೆ ಅರ್ಥವಾಗಲಿಲ್ಲ. ಹಿಮ್ಮಡಿ, ಮುಂಗಾಲು, ಹೆಜ್ಜೆಯ ಅಳತೆ ಎಂದು ಪಾಠ ಶುರುಮಾಡಿದರು. "ನೋಡಪಾ, ನೀ ಸಿಟ್ಟಿಗೆ ಬರಬ್ಯಾಡ. ಬರಿಗಾಲಿಲೆ ಓಡಿದ್ರ ಕಾಲಿಗೆ ಛಲೋ. ನಮ್ಮ ಹಿರ್ಯಾರೆಲ್ಲ ಬರಿಗಾಲಿಲೇ ನಡದಾರ."

"ನಿಮ್ಮ ಹಿರ್ಯಾರು ನಡದಾರ್ರಿ," ಅಂದ ಅಪ್ಪ. "ನಮ್ಮ ಹಿರ್ಯಾರ್ನ ನಡಸ್ಯಾರ."

ಅಪ್ಪ ಹೊರಟುಹೋದ. ಮೂರು ದಿನ ಸರ್ ನನ್ನನ್ನು ಓಡಿಸಲೂ ಇಲ್ಲ, ಬೈಯಲೂ ಇಲ್ಲ. ನನಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟು. ಇಡೀ ಶಾಲೆಯಲ್ಲಿ ನನ್ನಷ್ಟು ದೂರ ಓಡುವವರು ಯಾರೂ ಇರಲಿಲ್ಲ. ಜಿಲ್ಲೆಯ ಓಟಕ್ಕೆ ಹೆಸರು ಕೊಡುವ ಹೊತ್ತಿಗೆ ಇವರಿಬ್ಬರ ಜಗಳದಲ್ಲಿ ನಾನು ಹೊರಗುಳಿಯುತ್ತೇನೆ ಅಂದುಕೊಂಡೆ.

ಭಾನುವಾರ ಸರ್ ನಮ್ಮ ಮನೆಗೆ ಬಂದರು. ನಮ್ಮ ಓಣಿಯನ್ನು ಕೇಳಿಕೊಂಡು, ಕ್ರಾಸಿನಿಂದ ಬಿಸಿಲಲ್ಲಿ ನಡೆದೇ ಬಂದಿದ್ದರು. ಹೊಸ್ತಿಲ ಹೊರಗೆ ಬಗ್ಗಿ ತಮ್ಮ ಬೂಟು ಬಿಚ್ಚಿ ಒಳಗೆ ಬಂದು ಕುಳಿತರು. ಮೈದಾನದಲ್ಲಿ 'ನೀ' ಎಂದಿದ್ದವರು ಈಗ 'ನೀವು' ಎಂದರು.

"ಅಣ್ಣಾರ, ತಪ್ಪಾತ್ರಿ. ನಾ ಕಾಲಿಂದು ಅಷ್ಟೇ ವಿಚಾರ ಮಾಡ್ದೆ. ಯಾರ ಕಾಲು ಅಂಬೋದು ವಿಚಾರ ಮಾಡ್ಲಿಲ್ಲ." ಚಹಾ ಕುಡಿದು ಮತ್ತೆ ಹೇಳಿದರು. "ತಂಗಿ ಬೂಟ್ ಹಾಕ್ಕೊಂಡೇ ಓಡ್ಲಿ. ಆದ್ರ ಆ ಹಿಮ್ಮಡಿ ಆಕಿ ಎಲುಬು ತಿನ್ಲಾಕತ್ತದ. ಅದನ್ನ ಕೊಯ್ಸಲಾಕ ನೀವು ಹ್ಞೂಂ ಅನಬೇಕು."

ಅಪ್ಪ ಬೂಟನ್ನು ಎತ್ತಿಕೊಂಡು ಹಿಮ್ಮಡಿಯ ಮೇಲೆ ಬೆರಳಾಡಿಸಿದ. "ನನ್ನ ಮುಂದ ಕೊಯ್ಸ್ರಿ," ಅಂದ.

ಮೂವರೂ ಕಲಬುರಗಿಗೆ ಹೋದೆವು. ಶಹಾಬಜಾರದ ಸಂದಿಯಲ್ಲಿ ಬೂಟು ಹೊಲಿಯುವ ಮುದುಕರೊಬ್ಬರು ಬೂಟನ್ನು ತಿರುವಿ ನೋಡಿ, "ನಯಾ ಮಾಲ್ ಅದ ಸಾಬ್, ಯಾಕ ಖರಾಬ್ ಮಾಡ್ತೀರಿ?" ಎಂದರು. ಸರ್ ಕಾಗದದ ಮೇಲೆ ಪಾದದ ಚಿತ್ರ ಬರೆದು ಮುಂದಿಟ್ಟು ವಿವರಿಸಿದರು. ಮುದುಕರು ಹಿಮ್ಮಡಿಯ ದಪ್ಪವನ್ನೆಲ್ಲ ಕೊಯ್ದು ಸಪಾಟು ಮಾಡಿ, ಚಪಾತಿಯಷ್ಟು ತೆಳುವಾದ ರಬ್ಬರು ಅಂಟಿಸಿ, ಬೆರಳು ಹರಡಲು ಮುಂದೆ ಸ್ವಲ್ಪ ಬಿಚ್ಚಿ ಹೊಲಿದುಕೊಟ್ಟರು. ಹೊರಗಿನಿಂದ ಬೂಟು, ಒಳಗೆ ನೆಲದ ಒಂದೊಂದು ಹರಳೂ ಗೊತ್ತಾಗುತ್ತಿತ್ತು. ಅಪ್ಪ ಅದನ್ನು ಕೈಯಲ್ಲಿ ಮಡಚಿ ನೋಡಿ ತಲೆಯಾಡಿಸಿದ.

ಮೊದಲ ವಾರ ದಿನಕ್ಕೆ ಒಂದೇ ಸುತ್ತು. ಮೀನಖಂಡ ಹೊಸದಾಗಿ ನೋಯುತ್ತಿತ್ತು. ಹೆಚ್ಚು ಓಡುತ್ತೇನೆ ಎಂದರೆ ಬೈಗುಳ. "ಕಾಲು ಈಗ ಅಕ್ಷರ ಕಲೀಲಾಕತ್ತದ, ಪುಸ್ತಕ ಕೊಡಬ್ಯಾಡ." ಹೀಗೆ ತಿಂಗಳುಗಟ್ಟಲೆ ಸುತ್ತುಗಳನ್ನು ಏರಿಸಿ, ಕೊನೆಗೆ ಮಹಾಗಾಂವ ರಸ್ತೆಗೆ ಬಿಟ್ಟರು. ನಾನು ಮುಂದೆ, ಅವರು ಹಿಂದೆ ಸೈಕಲ್ ಮೇಲೆ, ಬಲಗಿವಿ ನನ್ನ ಕಡೆಗೆ. ಎಲುಬಿನ ನೋವು ಮತ್ತೆ ಬರಲಿಲ್ಲ.

ಆ ವರ್ಷ ಕಲಬುರಗಿಯಲ್ಲಿ ನಡೆದ ಜಿಲ್ಲೆಯ ದೂರದ ಓಟದಲ್ಲಿ ನಾನೇ ಮೊದಲು ಬಂದೆ. ಪತ್ರಿಕೆಯವರೊಬ್ಬರು ಕ್ಯಾಮೆರಾ ಹಿಡಿದು ಬಂದು ಕಾಲು ನೋಡಿ ಮುಖ ಕಿವುಚಿದರು. "ಈ ಕೊಯ್ದ ಬೂಟ್ ಛಲೋ ಕಾಣಂಗಿಲ್ಲಮ್ಮ. ಬಿಚ್ಚಿ ನಿಂದ್ರು. ಬಡವರ ಹುಡುಗಿ ಬರಿಗಾಲಿಲೆ ಗೆದ್ದಾಳಂತ ಬರದ್ರ ಮಂದಿ ಓದ್ತಾರ."

ದೊಡ್ಡವರು ಹೇಳಿದರೆ ಮಾಡುವುದು ಅಷ್ಟೇ ಗೊತ್ತಿದ್ದ ನಾನು ಬಗ್ಗಿ ಲೇಸಿಗೆ ಕೈ ಹಾಕಿದ್ದೆ.

"ಲೇಸು ಮುಟ್ಟಬ್ಯಾಡ ತಂಗಿ." ಸರ್ ಅವರ ದನಿ ಯಾವತ್ತಿನಂತೆ ಜೋರಾಗಿರಲಿಲ್ಲ. ಪತ್ರಿಕೆಯವರ ಕಡೆ ತಿರುಗಿದರು. "ಆಕಿ ಅಪ್ಪ ಕೊಡಿಸಿದ ಬೂಟ್ ಹಾಕ್ಕೊಂಡು ಓಡ್ಯಾಳ್ರಿ. ಬೂಟ್ ಕಾಣೂವಂಗ ತಗೀತಿದ್ರ ತಗೀರಿ, ಇಲ್ಲಂದ್ರ ಹೋಗ್ರಿ."

ಫೋಟೊ ಮರುದಿನ ಬಂತು, ಸೊಂಟದ ತನಕ ಮಾತ್ರ. ಮೇಲೆ ದಪ್ಪ ಅಕ್ಷರದಲ್ಲಿ "ಬರಿಗಾಲ ಬಾಲೆಯ ಬಂಗಾರದ ಓಟ". ನಾಚಿಕೆಗೆಟ್ಟವರು. ಇಷ್ಟು ವರ್ಷ ಆದರೂ ಆ ಸಾಲು ನೆನಪಾದರೆ ಹಲ್ಲು ಕಡಿಯುವಂತಾಗುತ್ತದೆ. ಸರ್ ತಿದ್ದುಪಡಿ ಹಾಕಿ ಎಂದು ಆ ಆಫೀಸಿಗೆ ಪ್ರತಿ ಶನಿವಾರ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಅಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಒದ್ದಾಡುತ್ತೀರಿ ಎಂದು ಅಲ್ಲಿಯವರು ನಕ್ಕರಂತೆ. ತಿದ್ದುಪಡಿ ಬರಲೇ ಇಲ್ಲ.

ಓಟದಿಂದಲೇ ನನಗೆ ನೌಕರಿ ಸಿಕ್ಕಿತು. ಈಗ ಕಲಬುರಗಿಯಲ್ಲೇ ಇದ್ದೇನೆ. ಇಲ್ಲಿಯ ದೊಡ್ಡ ಅಂಗಡಿಗಳಲ್ಲಿ ತೆಳು ಅಟ್ಟೆಯ, ಹಿಮ್ಮಡಿ ಎತ್ತರವಿಲ್ಲದ ಬೂಟುಗಳು ಗಾಜಿನ ಹಿಂದೆ ಕುಳಿತಿವೆ. "ಬರಿಗಾಲಿನ ಸುಖ, ಮೇಡಂ" ಎನ್ನುತ್ತಾನೆ ಮಾರುವವನು. ಯಾರ ಸುಖವಪ್ಪಾ ಎಂದು ಕೇಳಬೇಕೆನಿಸುತ್ತದೆ. ಅವನಿಗೆ ಏನು ಗೊತ್ತು ಪಾಪ, ಬೂಟು ಕೊಂಡು ಬರುತ್ತೇನೆ.

ಹೋದ ವರ್ಷ ಸರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಈಗ ಅವನ ಸೊಂಟ ಬಾಗಿದೆ, ಕೋಲು ಬೇಕು. ವೇದಿಕೆಯ ಗಣ್ಯರೊಬ್ಬರು ಮಾತಾಡುತ್ತ, ಕಾಲಿಗೆ ಚಪ್ಪಲಿಯೂ ಇಲ್ಲದ ಬಡ ಮಕ್ಕಳನ್ನು ಬರಿಗಾಲಲ್ಲಿ ಓಡಿಸಿ ಗೆಲ್ಲಿಸಿದ ಪುಣ್ಯಾತ್ಮ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಏಳುವಷ್ಟರಲ್ಲಿ ಅಪ್ಪ ಕೋಲೂರಿ ಎದ್ದ.

"ಸುಳ್ಳು ಹೇಳಬ್ಯಾಡ್ರಿ. ನನ್ನ ಮಗಳಿಗಿ ಬೂಟ್ ಇದ್ದವು. ಇವರು ಒಮ್ಮೆ ಬಿಚ್ಚಿಸಿದ್ರು. ಆಮ್ಯಾಲ ತಪ್ಪಾತಂತ ಹೇಳ್ಲಾಕ ನನ್ನ ಮನಿ ತನಕ ನಡ್ಕೊಂತ ಬಂದ್ರು. ಹಂಗ ಬಂದವ್ರು ನನ್ನ ಆಯುಷ್ಯದಾಗ ಇವರೊಬ್ರೇ. ಅದನ್ನ ಹೇಳ್ರಿ."

ಯಾರೋ ಬಂದು ಅಪ್ಪನ ಹೆಗಲು ಒತ್ತಿ, "ಕೂಡ್ರಿ ಯಜಮಾನ್ರ, ಟೈಮಾಗ್ಯಾದ" ಎಂದರು. ವೇದಿಕೆಯಿಂದ ಮುಂದಿನವರ ಹೆಸರು ಕರೆದರು. ಅಪ್ಪ ಕೂಡಲಿಲ್ಲ, ನಾನೂ ಎದ್ದು ಅವನ ಪಕ್ಕಕ್ಕೆ ಬಂದೆ. ಸಭೆ ಮುಗಿಯುವ ತನಕ ನಾವಿಬ್ಬರೂ ನಿಂತೇ ಇದ್ದೆವು.