ಒಂದೇ ಅಂಚಿನ ಗೋಂದು

ವಕೀಲರ ಗ್ರಂಥಾಲಯದಲ್ಲಿ ಬೈಂಡರ್ ಆಗಿ ಇಪ್ಪತ್ತೆಂಟು ವರ್ಷ ಸವೆಸಿದ ಮನುಷ್ಯ ಅವನು. ರಟ್ಟು ಕಟ್ಟುವುದಷ್ಟೇ ಕೆಲಸವಲ್ಲ. ದೇಶದ ಅತಿ ದೊಡ್ಡ ನ್ಯಾಯಾಲಯ ತನ್ನದೇ ಹಳೆಯ ತೀರ್ಪನ್ನು ತಪ್ಪೆಂದಾಗ, ಆ ತೀರ್ಪು ಅಚ್ಚಾದ ಪುಟ ಹುಡುಕಿ ‘ಇದು ಈಗ ಊರ್ಜಿತವಲ್ಲ’ ಎಂಬ ಚೀಟಿ ಅಂಟಿಸಬೇಕು. ಗೋಂದು ಒಂದೇ ಅಂಚಿಗೆ. "ಪೂರ್ತಿ ಬಳಿದೀಯ, ಹುಷಾರು! ದೊಡ್ಡವರ ಮನಸ್ಸು. ನಾಳೆ ತಿರುಗಿದ್ರೆ ಕೀಳೋನು ನೀನೇ," ಎಂದು ಹಿಂದಿನ ಬೈಂಡರ್ ಕಲಿಸಿಕೊಟ್ಟಿದ್ದ.

ಆ ಸಂಪುಟಗಳಲ್ಲಿ ಒಂದು ತೀರ್ಪು ಅವನ ಅಕ್ಕನದೇ. ಗಂಡನನ್ನು ಬಿಟ್ಟು ಮರುಮದುವೆಯಾದ ತಾಯಿ ಮಗುವನ್ನು ತಾನಾಗಿಯೇ ತೊರೆದಂತೆ ಎಂದು ಬರೆದು, ನಾಲ್ಕು ವರ್ಷದ ಮಗಳನ್ನು ತಂದೆಗೆ ಒಪ್ಪಿಸಿದ್ದರು. ತೊರೆದವಳಂತೆ! ಮಗುವಿನ ಅಂಗಿ ತಬ್ಬಿಕೊಂಡು ಅಕ್ಕ ಊಟ ಬಿಟ್ಟು ಮಲಗಿದ್ದನ್ನು ಆ ಮಹನೀಯರು ಬಂದು ನೋಡಿದ್ದರೇ?

ಏಳು ವರ್ಷದ ಮೇಲೆ, ಇನ್ಯಾವುದೋ ತಾಯಿಯ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳು ಆ ಮಾತು ತಪ್ಪೆಂದರು. ಬೈಂಡರನಿಗೆ ತಡೆಯಲಾಗಲಿಲ್ಲ. ಚೀಟಿಯ ಬೆನ್ನಿಗೆಲ್ಲ ಗೋಂದು ಬಳಿದು, ಸರಿಯಾಗಿ ಆ ಸಾಲಿನ ಮೇಲೇ ಇಟ್ಟು, ಅಂಗೈಯಿಂದ ಒತ್ತಿ ಹಿಡಿದ. ಕಸುಬಿನಲ್ಲಿ ಅವನು ಬೇಕೆಂದೇ ಮಾಡಿದ ತಪ್ಪು ಅದೊಂದೇ.

ಅಕ್ಕ ಮತ್ತೆ ಅರ್ಜಿ ಹಾಕಿದಳು. ಮಗಳಿಗೆಂದು ಮಂಚ ತಂದಳು, ಕಿಟಕಿಗೆ ಪರದೆ ಹೊಲಿದಳು. ವಾಯಿದೆಯ ಮೇಲೆ ವಾಯಿದೆ ಬಿದ್ದು ಎರಡು ವರ್ಷ ಹೋಯಿತು. ಅವಳ ಸರದಿ ಬರುವ ಮೊದಲೇ ಒಂಬತ್ತು ನ್ಯಾಯಮೂರ್ತಿಗಳು ಕೂತು, ಐವರು ಹೇಳಿದ್ದೇ ತಪ್ಪು, ಮೊದಲಿನದೇ ಸರಿ ಎಂದುಬಿಟ್ಟರು.

ಆ ಚೀಟಿ ಸುಮ್ಮನೆ ಬರುತ್ತದೆಯೇ? ಒದ್ದೆ ಬಟ್ಟೆ ಇಟ್ಟು, ಚಾಕುವಿನಿಂದ ಕೆರೆದ. ಜೊತೆಗೆ ಆ ಸಾಲೂ ಹರಿದು ಬಂತು. ಗ್ರಂಥಪಾಲಕಿ ಬೈಯಲಿಲ್ಲ. "ಬೇರೆ ಲೈಬ್ರರಿಯಿಂದ ಜೆರಾಕ್ಸ್ ತಂದು ಅಂಟಿಸಿಬಿಡಿ," ಎಂದರು. ಅವನೇ ತಂದ, ಅವನೇ ಅಂಟಿಸಿದ. 

"ಬಿಡೋ, ಅವಳಿಗೆ ಹದಿನೆಂಟಾಗ್ಲಿ. ಆಮೇಲೆ ಯಾವ ಕೋರ್ಟು ತಡೆಯುತ್ತೆ?" ಎಂದ ಅಕ್ಕ ಐದು ವರ್ಷ ದಿನ ಎಣಿಸಿದಳು.

ಹದಿನೆಂಟು ತುಂಬಿದ ವಾರ ಬೈಂಡರ್ ಕರೆತರಲು ಹೋದ. ಹುಡುಗಿ ಕಾನೂನು ಕಾಲೇಜಿಗೆ ಸೇರಿದ್ದಳು. ಕಾಲೇಜಿನ ಮೆಟ್ಟಿಲಿಳಿದು ಬಂದ ಆ ಮುಖ ಅಕ್ಕನದೇ ಪಡಿಯಚ್ಚು.

"ನಾನು ಬರಲ್ಲ ಮಾವ. ಬೇಜಾರು ಮಾಡ್ಕೋಬೇಡಿ."

"ನಿಮ್ಮಮ್ಮ ನಿನ್ನ ಬಿಟ್ಟುಹೋಗ್ಲಿಲ್ಲ ಕಣಮ್ಮಾ. ಅವಳ ಕೈಯಿಂದ ಕಿತ್ಕೊಂಡ್ರು."

"ತೀರ್ಪು ನಾನೇ ಓದಿದೀನಿ. ತಾನಾಗಿಯೇ ತೊರೆದಳು ಅಂತ ಬರೆದಿದೆ. ಆಮೇಲೆ ಒಂಬತ್ತು ಜನ ಕೂತು ಅದೇ ಸರಿ ಅಂದಿದಾರೆ. ಅಷ್ಟೂ ಜನ ಸುಳ್ಳು ಹೇಳ್ತಾರಾ?"

ಬಾಗಿಲಲ್ಲೇ ಕಾದಿದ್ದ ಅಕ್ಕ, ತಮ್ಮ ಒಬ್ಬನೇ ಬಂದದ್ದನ್ನು ನೋಡಿದಳು. ಅವನು ನಡೆದದ್ದನ್ನು ಮುಚ್ಚಿಡದೆ ಹೇಳಿದ. ಅವಳು ಅಳುತ್ತಾಳೆ, ಆ ಹುಡುಗಿಯನ್ನೋ ಕೋರ್ಟನ್ನೋ ಶಪಿಸುತ್ತಾಳೆ ಅಂದುಕೊಂಡಿದ್ದ. ಅವಳು ಗೋಡೆಗೊರಗಿ ಕೂತಳು.

"ಓದಿದೋರು ಅಷ್ಟು ಜನ ಹೇಳ್ತಾರೆ ಅಂದ್ರೆ," ಎಂದಳು, "ನಾನೇ ಬಿಟ್ಟುಬಂದ್ನೇನೋ?"