ಸ್ಯಾಂಪಲ್‌ನಂತೆಯೇ ಬಂದ ಚೆಂಡುಗಳು

ಕೊಲ್ಲಿ ನಾಡಿನ ಅಲ್ ಖೋರ್‌ನಲ್ಲಿ ನನ್ನ ಆಟದ ಸಾಮಾನಿನ ಅಂಗಡಿ ಉಳಿಯಬೇಕಾದರೆ ಆ ಒಂದು ಆರ್ಡರ್ ಕೈಗೂಡಲೇಬೇಕಿತ್ತು. ಒಂದು ಶಾಲೆಗೆ ಅಮೆರಿಕನ್ ಫುಟ್‌ಬಾಲ್ ಆಟದ ಮೊಟ್ಟೆಯಾಕಾರದ ಚೆಂಡುಗಳು ಬೇಕಿದ್ದವು. ಗುಜರಿಯಲ್ಲಿ ಸಿಕ್ಕಿದ ಅದೇ ಆಟದ ತೊಗಲಿನ ಚೆಂಡೊಂದನ್ನು ಸ್ಯಾಂಪಲ್ ಎಂದು ಭಾರತದ ಕಾರ್ಖಾನೆಗೆ ಕಳಿಸಿದೆ. ಚೌಕಾಸಿ ನನ್ನ ಹುಟ್ಟುಗುಣ. ದರ ಇಳಿಸಿದ್ದಲ್ಲದೆ, ಆಕಾರದಲ್ಲಿ ಚೂರು ವ್ಯತ್ಯಾಸವಾದರೂ ಮಾಲು ವಾಪಸ್ ಎಂದು ಬರೆಸಿಕೊಂಡೆ.

ಹಮದ್ ಬಂದರಿನಿಂದ ಪೆಟ್ಟಿಗೆಗಳು ಬಂದ ದಿನ, ಈ ಆರ್ಡರ್ ಕೊಡಿಸಿದ್ದ ಶಾಲೆಯ ಗುಮಾಸ್ತರು, ಉಡುಪಿಯವರು, ಒಂದು ಚೆಂಡನ್ನು ಕೋಚ್‌ಗೆ ತೋರಿಸಿ ಮರಳಿದರು.

“ಇದು ಅವರ ಅಜ್ಜನ ಕಾಲದ್ದಂತೆ ಮಾರಾಯ್ರೆ. ಆಗ ಒದೆಯುವುದೇ ಹೆಚ್ಚು, ಹಾಗಾಗಿ ಹೊಟ್ಟೆ ದಪ್ಪ. ಮುಂದಕ್ಕೆ ಎಸೆಯುವ ಆಟ ಬಂದ ಮೇಲೆ ಕೈಗೆ ಸಿಗಲಿ ಅಂತ ತೆಳ್ಳಗೆ ಮಾಡ್ತಾ ಬಂದ್ರಂತೆ. ತುದಿ ಚೂಪಾಯ್ತಂತೆ.”

“ಈಗಿನದರ ಹಾಗೆ ದಾರದ ಹೊಲಿಗೆ ಇದೆಯಲ್ಲ?”

“ಅದು ಮೊದಲು ಒಳಗೆ ಗಾಳಿ ತುಂಬುವ ಬ್ಲ್ಯಾಡರ್ ತುರುಕಿದ ಬಾಯಿ ಮುಚ್ಚಲಿಕ್ಕೆ. ಈಗ ಹೆಚ್ಚಾಗಿ ಬೆರಳಿಗೆ ಹಿಡಿತ ಸಿಗಲಿಕ್ಕೆ. ಚೆಂಡು ಕೇಳಿದ್ರೆ ಕಲ್ಲಂಗಡಿ ತಂದಿದ್ದಾರೆ ಅಂದ್ರು.”

“ಇನ್ನೂ ಕಡಿಮೆಗೆ ಕೊಡ್ತೇನೆ ಅನ್ನಿ.”

“ಪುಕ್ಕಟೆ ಕೊಟ್ರೂ ಮಕ್ಕಳ ಕೈಯಲ್ಲಿ ನಿಲ್ಲುದಿಲ್ಲ. ಖಲಾಸ್.”

ಕಾರ್ಖಾನೆಯವನನ್ನು ಬೈಯುವಂತಿರಲಿಲ್ಲ, ಅವನು ಹೇಳಿದ್ದನ್ನೇ ಮಾಡಿದ್ದ. ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಬುದ್ಧಿಮಾತು: ಸ್ಯಾಂಪಲ್ಲನ್ನು ಮಾಡುವವನಿಗೆ ಕಳಿಸುವ ಮೊದಲು ಆಡುವವನ ಕೈಗೆ ಕೊಡಿ. ನನಗಂತೂ ಅದು ಇನ್ನು ಉಪಯೋಗಕ್ಕಿಲ್ಲ. ಮುಂದಿನ ತಿಂಗಳು ಕಟ್ಟಡದ ಮಾಲೀಕ ‘ಬಾಡಿಗೆಗೆ ಇದೆ’ ಎಂಬ ಬೋರ್ಡನ್ನು ನನ್ನ ಅಂಗಡಿಯ ಮೇಲೆ ಹಾಕಲು ಬಂದಾಗ, ಅವನಿಗೆ ಏಣಿ ಹಿಡಿದು ನಿಂತವನು ನಾನೇ.